ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್: ಕಳೆಯುತ್ತಾ ಕಟ್ಟಿದ ಒಂದು ಆಲ್ಬಂ

ಶಿಕಾಗೊ ನಗರದ ವಿಲ್ಕೊ ಎಂಬ ರಾಕ್ ತಂಡ 2001ರ ಬೇಸಿಗೆಯಲ್ಲಿ ತನ್ನ ನಾಲ್ಕನೆಯ ಸ್ಟುಡಿಯೋ ಆಲ್ಬಮನ್ನು ಮುಗಿಸಿ, ಅದಕ್ಕೆ ಹಣ ಕೊಟ್ಟಿದ್ದ ರಿಪ್ರೀಜ್ ರೆಕಾರ್ಡ್ಸ್ ಕಂಪನಿಗೆ ಒಪ್ಪಿಸಿತು. ಹನ್ನೊಂದು ಹಾಡುಗಳ, ಸುಮಾರು 52 ನಿಮಿಷಗಳ ಆ ಆಲ್ಬಮಿನ ಹೆಸರು ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’. ಕೇಳಿ ನೋಡಿದ ಕಂಪನಿ ಅದನ್ನು ಬಿಡುಗಡೆ ಮಾಡಲು ಒಪ್ಪಲಿಲ್ಲ. ತಂಡ ಆಲ್ಬಮಿನ ಸಮೇತ ಹೊರಬಂದು, ಅದನ್ನು ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಕೇಳುವಂತೆ ಇಟ್ಟಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ನಾನ್‌ಸಚ್ ರೆಕಾರ್ಡ್ಸ್ ಎಂಬ ಇನ್ನೊಂದು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ರಿಪ್ರೀಜ್ ಮತ್ತು ನಾನ್‌ಸಚ್ ಎರಡೂ ಎಒಎಲ್ ಟೈಮ್ ವಾರ್ನರ್ ಎಂಬ ಒಂದೇ ಮಹಾಸಮೂಹದ ಅಂಗಸಂಸ್ಥೆಗಳಾಗಿದ್ದವು. ಹಾಗಾಗಿ ಒಬ್ಬನೇ ಯಜಮಾನ ಒಂದೇ ಸರಕಿಗೆ ಎರಡು ಸಲ ಹಣ ತೆತ್ತಂತಾಯಿತು. 2002ರ ಏಪ್ರಿಲ್ 23ರಂದು ಅಂಗಡಿಗಳಿಗೆ ಬಂದ ಆ ಆಲ್ಬಂ ವಿಲ್ಕೊ ತಂಡದ ಹಿಂದಿನ ಯಾವ ಆಲ್ಬಮಿಗಿಂತಲೂ ಹೆಚ್ಚು ಮಾರಾಟವಾಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಕಿವಿಯಿಲ್ಲದ ಕಂಪನಿ ಮತ್ತು ಮಣಿಯದ ಕಲಾವಿದರ ನಡುವಿನ ಹೋರಾಟವೆಂದೂ, ಕೊನೆಯಲ್ಲಿ ಕಲಾವಿದರಿಗೆ ನ್ಯಾಯ ದೊರೆಯಿತೆಂದೂ ಹೇಳಲಾಗುತ್ತದೆ. ಅದು ಸುಳ್ಳಲ್ಲ. ಆದರೆ ಆ ನಿರೂಪಣೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಆಲ್ಬಂ ಹೇಗೆ ರೂಪುಗೊಂಡಿತು ಎಂಬ ಹೆಚ್ಚು ಕುತೂಹಲಕರವಾದ ಪ್ರಶ್ನೆ ಅದರ ನೆರಳಿನಲ್ಲಿ ಮರೆಯಾಗಿಬಿಡುತ್ತದೆ. ನನ್ನ ಓದಿನ ಪ್ರಕಾರ ಇದು ಕೂಡಿಸಿ ಮಾಡಿದ ಕೃತಿಯಲ್ಲ, ಕಳೆದು ಮಾಡಿದ ಕೃತಿ. ಹಾಗೆ ಕಳೆದದ್ದರಲ್ಲಿ ವಾದ್ಯಗಳ ಪದರಗಳಷ್ಟೇ ಇರಲಿಲ್ಲ, ತಂಡದ ಸದಸ್ಯರೂ ಇದ್ದರು. ಕಂಪನಿಯ ಕಡೆಯಿಂದ ಕಳೆದುಹೋದವರೂ ಇದ್ದರು. ಈ ಮೂರು ಬಗೆಯ ಕಳೆಯುವಿಕೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಪ್ರಕರಣದ ಪೂರ್ತಿ ಚಿತ್ರ ದೊರೆಯುತ್ತದೆ.

ತಂಡದ ಹಿನ್ನೆಲೆ

ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಪುಟ್ಟ ಊರಿನ ಅಂಕಲ್ ಟುಪೆಲೊ ತಂಡ ಹಳೆಯ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನೂ ಪಂಕ್ ರಾಕ್‌ನ ಒರಟುತನವನ್ನೂ ಬೆಸೆದು ಹಾಡುತ್ತಿತ್ತು. ಮುಂದೆ ‘ಆಲ್ಟ್ ಕಂಟ್ರಿ’ ಎನಿಸಿಕೊಂಡ ಪ್ರವಾಹಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಆ ತಂಡವೂ ಒಂದು. 1994ರಲ್ಲಿ ಅದರ ಇಬ್ಬರು ಪ್ರಮುಖರಲ್ಲಿ ಒಬ್ಬರಾದ ಜೇ ಫಾರರ್ ಹೊರನಡೆದರು. ಉಳಿದವರನ್ನು ಕಟ್ಟಿಕೊಂಡು ಇನ್ನೊಬ್ಬರಾದ ಜೆಫ್ ಟ್ವೀಡಿ ಶುರುಮಾಡಿದ ತಂಡವೇ ವಿಲ್ಕೊ. 1995ರ ಮೊದಲ ಆಲ್ಬಂ ಹಳೆಯ ದಾರಿಯಲ್ಲೇ ಸಾಗಿತ್ತು. ವಿಶೇಷವಾಗಿ ಹೇಳಬೇಕಾದ್ದು ಅದರಲ್ಲಿಲ್ಲ. ಅದು ಬಂದ ಹೊತ್ತಿನಲ್ಲಿ ತಂಡ ಸೇರಿದ ಜೇ ಬೆನೆಟ್ ಅವರಿಂದ ಬದಲಾವಣೆ ಮೊದಲಾಯಿತು. ಗಿಟಾರ್, ಪಿಯಾನೊ, ಆರ್ಗನ್ ಎಲ್ಲವನ್ನೂ ನುಡಿಸಬಲ್ಲ, ಧ್ವನಿಮುದ್ರಣ ಯಂತ್ರಗಳ ಒಳಹೊರಗನ್ನು ಬಲ್ಲ ಬೆನೆಟ್ ಸ್ಟುಡಿಯೋ ಎಂಬುದನ್ನೇ ಒಂದು ವಾದ್ಯದಂತೆ ಬಳಸಬಹುದೆಂದು ತಂಡಕ್ಕೆ ತೋರಿಸಿಕೊಟ್ಟರು. 1996ರ ‘ಬೀಯಿಂಗ್ ದೇರ್’ ಎರಡು ಸಿಡಿಗಳ ಆಲ್ಬಂ. ಅದನ್ನು ಒಂದು ಸಿಡಿಯ ಬೆಲೆಗೆ ಮಾರುವುದಕ್ಕಾಗಿ ಟ್ವೀಡಿ ತಮ್ಮ ಗೌರವಧನದ ಒಂದು ಪಾಲನ್ನು ಬಿಟ್ಟುಕೊಟ್ಟರು. 1999ರ ‘ಸಮರ್‌ಟೀತ್’ನಲ್ಲಿ ಟ್ವೀಡಿ ಮತ್ತು ಬೆನೆಟ್ ಸೇರಿ ಕೀಬೋರ್ಡ್‌ಗಳ ಪದರದ ಮೇಲೆ ಪದರ ಹಾಕಿ, ಅಕ್ಕರೆಯ ರಾಗಗಳ ಅಡಿಯಲ್ಲಿ ಬಹಳ ಕರಾಳವಾದ ಸಾಹಿತ್ಯವನ್ನು ಅಡಗಿಸಿದರು. ವಿಮರ್ಶಕರು ಮೆಚ್ಚಿದರು. ರೇಡಿಯೋಗೆ ಹೊಂದುವ ಹಾಡೊಂದು ಬೇಕೆಂದು ಕಂಪನಿ ಪಟ್ಟುಹಿಡಿದಾಗ ‘ಕಾಂಟ್ ಸ್ಟ್ಯಾಂಡ್ ಇಟ್’ ಎಂಬ ಹಾಡನ್ನು ಮತ್ತೊಮ್ಮೆ ಮಿಕ್ಸ್ ಮಾಡಿಸಲು (ಬೇರೆಬೇರೆಯಾಗಿ ಮುದ್ರಿಸಿದ ಪದರಗಳನ್ನು ಹೊಸದಾಗಿ ಹೊಂದಿಸಿ ಬೆರೆಸಲು) ತಂಡ ಒಪ್ಪಿಕೊಂಡಿತಾದರೂ, ರೇಡಿಯೋದಲ್ಲಿ ಆ ಹಾಡು ನಿಲ್ಲಲಿಲ್ಲ.

ಈ ಸಣ್ಣ ಸೋಲನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕಂಪನಿಯ ಮಾತು ಕೇಳಿದರೂ ಲಾಭವಿಲ್ಲ ಎಂಬ ಪಾಠವನ್ನು ತಂಡ ಅದರಿಂದ ಕಲಿಯಿತು. ಈ ತಂಡದಿಂದ ರೇಡಿಯೋ ಹಾಡು ಹುಟ್ಟುವುದು ಕಷ್ಟ ಎಂಬ ಪಾಠವನ್ನು ಕಂಪನಿಯ ಕೆಲವರು ಕಲಿತಿರಲು ಸಾಕು.

ಮುದ್ರಣದ ಕೋಣೆಯಲ್ಲಿ

ರಿಪ್ರೀಜ್ ನಾಲ್ಕನೆಯ ಆಲ್ಬಮಿಗೆ ಕೊಟ್ಟದ್ದು ಸುಮಾರು 85,000 ಡಾಲರ್. ದೊಡ್ಡ ಕಂಪನಿಯ ರಾಕ್ ಆಲ್ಬಮಿಗೆ ಆ ಕಾಲದಲ್ಲಿ ಅದು ಹೆಚ್ಚಿನ ಮೊತ್ತವೇನೂ ಅಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರಬೇಕಾದ ಸ್ಟುಡಿಯೋ ಬೇಡವೆಂದು ತೀರ್ಮಾನಿಸಿದ ತಂಡ, ಶಿಕಾಗೊದ ಇರ್ವಿಂಗ್ ಪಾರ್ಕ್ ಬಡಾವಣೆಯಲ್ಲಿ ತಾನು ತಾಲೀಮು ನಡೆಸುತ್ತಿದ್ದ ‘ದ ಲಾಫ್ಟ್’ ಎಂಬ ಮಹಡಿಯನ್ನೇ ಮುದ್ರಣಶಾಲೆಯಾಗಿ ಮಾಡಿಕೊಂಡಿತು. ಯಂತ್ರಗಳನ್ನು ಹೊಂದಿಸಿ ಮುದ್ರಣದ ಮುಖ್ಯ ಹೊಣೆ ಹೊತ್ತವರು ಬೆನೆಟ್. ಸ್ವಂತ ಜಾಗವಿದ್ದರೆ ಗಡಿಯಾರದ ಕಡೆ ನೋಡಬೇಕಾಗಿಲ್ಲ. ಒಂದೇ ಹಾಡನ್ನು ಒಮ್ಮೆ ಗಿಟಾರುಗಳ ಅಬ್ಬರದಲ್ಲಿ, ಇನ್ನೊಮ್ಮೆ ಪಿಯಾನೊ ಮಾತ್ರ ಇಟ್ಟುಕೊಂಡು, ಮತ್ತೊಮ್ಮೆ ತಾಳದ ಗತಿಯನ್ನೇ ಬದಲಿಸಿ ಮುದ್ರಿಸಬಹುದು. ವಿಲ್ಕೊ ಅದನ್ನೇ ಮಾಡಿತು. ಆದರೆ ಈ ಸ್ವಾತಂತ್ರ್ಯಕ್ಕೆ ಇನ್ನೊಂದು ಮುಖವೂ ಇದೆ. ಹಾಡು ಮುಗಿಯಿತೆಂದು ಹೇಳಲು ಹೊರಗಿನ ಒತ್ತಡ ಯಾವುದೂ ಇಲ್ಲದಿದ್ದಾಗ, ಹಾಗೆ ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಒಳಗಿನಿಂದಲೇ ಏಳುತ್ತದೆ.

ಆ ಪ್ರಶ್ನೆಯನ್ನು ಮೊದಲು ಎಬ್ಬಿಸಿದ್ದು ಜಿಮ್ ಒರೋರ್ಕ್ ಅವರೊಡನೆ ಟ್ವೀಡಿಗೆ ಬೆಳೆದ ಸ್ನೇಹ. ಒರೋರ್ಕ್ ಶಿಕಾಗೊದ ಪ್ರಾಯೋಗಿಕ ಸಂಗೀತ ವಲಯದವರು; 1997ರ ಅವರ ‘ಬ್ಯಾಡ್ ಟೈಮಿಂಗ್’ ಎಂಬ ವಾದ್ಯಸಂಗೀತದ ಆಲ್ಬಮನ್ನು ಟ್ವೀಡಿ ಬಹಳ ಮೆಚ್ಚಿಕೊಂಡಿದ್ದರು. 2000ದ ಮೇ ತಿಂಗಳಲ್ಲಿ ಶಿಕಾಗೊದಲ್ಲಿ ನಡೆದ ನಾಯ್ಸ್ ಪಾಪ್ ಉತ್ಸವದಲ್ಲಿ ತಮಗಿಷ್ಟವಾದವರೊಡನೆ ಹಾಡಲು ಅವಕಾಶ ಸಿಕ್ಕಾಗ ಟ್ವೀಡಿ ಒರೋರ್ಕ್ ಅವರನ್ನು ಕರೆದರು. ಒರೋರ್ಕ್ ತಮ್ಮೊಂದಿಗೆ ಗ್ಲೆನ್ ಕಾಚಿ ಎಂಬ ತಾಳವಾದ್ಯಗಾರರನ್ನು ಕರೆತಂದರು. ಮೂವರಿಗೂ ಹೊಂದಿಕೆಯಾಗಿ, ಮುಂದೆ ‘ಲೂಸ್ ಫರ್’ ಎಂಬ ಪ್ರತ್ಯೇಕ ತಂಡವೇ ಹುಟ್ಟಿಕೊಂಡಿತು. ಕಾಚಿ ತಾಳ ಹಿಡಿಯುವ ಕ್ರಮ ಬೇರೆ: ಹಾಡನ್ನು ಹಿಂದಿನಿಂದ ತಳ್ಳುವುದಕ್ಕಿಂತ, ಗಂಟೆ, ಲೋಹದ ತುಂಡು, ತಾವೇ ಮಾಡಿಕೊಂಡ ಸಲಕರಣೆಗಳಿಂದ ಹಾಡಿನ ಸುತ್ತ ಒಂದು ವಾತಾವರಣ ಕಟ್ಟುವುದು ಅವರ ರೀತಿ. ಅದನ್ನು ಕೇಳಿದ ಮೇಲೆ ವಿಲ್ಕೊದಲ್ಲಿ ಆರಂಭದಿಂದ ಡ್ರಮ್ಸ್ ನುಡಿಸುತ್ತಿದ್ದ ಕೆನ್ ಕೂಮರ್ ಅವರ ನೇರ ರಾಕ್ ಶೈಲಿ ಟ್ವೀಡಿಗೆ ಸಾಲದೆನ್ನಿಸಿತು. 2001ರ ಜನವರಿಯಲ್ಲಿ ಕೂಮರ್ ಅವರನ್ನು ಕೈಬಿಟ್ಟು ಕಾಚಿಯನ್ನು ತೆಗೆದುಕೊಳ್ಳಲಾಯಿತು. ಆಲ್ಬಮಿಗಾಗಿ ನಡೆದ ಮೊದಲ ಕಳೆಯುವಿಕೆ ಇದು.

ಮೊದಲ ಹಾಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘ಐ ಆಮ್ ಟ್ರೈಯಿಂಗ್ ಟು ಬ್ರೇಕ್ ಯುವರ್ ಹಾರ್ಟ್’ ಸುಮಾರು ಏಳು ನಿಮಿಷಗಳದು. ಅದರ ಅಡಿಪಾಯ ಗಿಟಾರ್ ಹಿಡಿದು ಒಬ್ಬರೇ ಕುಳಿತು ಹಾಡಬಹುದಾದ ಸರಳ ಹಾಡು. ಪಲ್ಲವಿ, ಚರಣಗಳ ಕಟ್ಟುನಿಟ್ಟು ಇಲ್ಲ, ಒಂದೇ ಸ್ವರಗುಚ್ಛದ ಸುತ್ತ ಅದು ತಿರುಗುತ್ತದೆ. ಆದರೆ ಕೇಳುಗನಿಗೆ ಮೊದಲು ಎದುರಾಗುವುದು ಹಾಡಲ್ಲ, ಎಲ್ಲಿಂದಲೋ ತೇಲಿಬರುವ ಆರ್ಗನ್ನಿನ ಗುಂಯ್‌ಗುಡುವಿಕೆ ಮತ್ತು ಇನ್ನೂ ತಾಳವನ್ನು ಹುಡುಕುತ್ತಿರುವಂತೆ ತೋರುವ ಡ್ರಮ್ಸ್. ವಾದ್ಯಗಳು ಬರುತ್ತವೆ, ಯಾವ ಸೂಚನೆಯೂ ಇಲ್ಲದೆ ಹೊರಟುಹೋಗುತ್ತವೆ. ಧ್ವನಿ ಮಾತ್ರ ದಣಿದ ಮನುಷ್ಯನೊಬ್ಬ ಎದುರು ಕುಳಿತು ಮಾತಾಡುವಷ್ಟು ಹತ್ತಿರದಲ್ಲಿರುತ್ತದೆ. ಮುದ್ರಿಸಿಟ್ಟ ಹತ್ತಾರು ಪದರಗಳಲ್ಲಿ ಯಾವುದನ್ನು ಯಾವ ಕ್ಷಣದಲ್ಲಿ ಕೇಳಿಸಬೇಕು, ಯಾವುದನ್ನು ಪೂರ್ತಿ ಮುಚ್ಚಬೇಕು ಎಂಬ ಆಯ್ಕೆಯಿಂದ ಬಂದ ಪರಿಣಾಮ ಇದು. ನುಡಿಸಾಣಿಕೆಗಿಂತ ಮಿಕ್ಸಿಂಗ್ ಮೇಜಿನ ಕೆಲಸವೇ ಇಲ್ಲಿ ಹೆಚ್ಚು.

ಬೆನೆಟ್ ಕೂಡ ಮಿಕ್ಸಿಂಗ್ ಮಾಡುತ್ತಿದ್ದರು, ಮತ್ತು ಅದು ತಮ್ಮ ಕೆಲಸವೆಂದೇ ಅವರು ತಿಳಿದಿದ್ದರು. ಅವರ ಮನಸ್ಸು ವಿವರಗಳ ಮನಸ್ಸು. ಒಂದು ಹಾಡಿನಿಂದ ಮುಂದಿನದಕ್ಕೆ ದಾಟುವ ಕೆಲವೇ ಕ್ಷಣಗಳ ಬಗ್ಗೆ ಅವರೂ ಟ್ವೀಡಿಯೂ ನಡೆಸುವ ದಣಿವಿನ ವಾಗ್ವಾದವನ್ನು ಸ್ಯಾಮ್ ಜೋನ್ಸ್ ತಮ್ಮ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ಜೋನ್ಸ್ ಕಪ್ಪುಬಿಳುಪಿನಲ್ಲಿ ಚಿತ್ರೀಕರಿಸುತ್ತಿದ್ದದ್ದು ಒಂದು ಆಲ್ಬಂ ತಯಾರಾಗುವ ಬಗೆಯನ್ನು. ತಂಡ ಒಡೆಯುವುದೂ ಕಂಪನಿ ಕೈಬಿಡುವುದೂ ಅವರ ಕ್ಯಾಮೆರಾದ ಮುಂದೆ ತಾವಾಗಿ ನಡೆದವು. ಆ ವಾಗ್ವಾದದಲ್ಲಿ ಬೆನೆಟ್ ತಮ್ಮ ಮಾತು ಅರ್ಥವಾಯಿತೇ ಎಂದು ಮತ್ತೆಮತ್ತೆ ಖಚಿತಪಡಿಸಿಕೊಳ್ಳಲು ನೋಡುತ್ತಾರೆ, ಟ್ವೀಡಿಗೆ ಅಷ್ಟು ಮಾತೇ ಬೇಕಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಮೈಗ್ರೇನ್ ತಲೆನೋವಿನಿಂದ ವರ್ಷಗಟ್ಟಲೆ ನರಳಿದ ಟ್ವೀಡಿ ಅದೇ ಚಿತ್ರದಲ್ಲಿ ವಾಂತಿ ಮಾಡಿಕೊಳ್ಳಲು ಓಡುವ ದೃಶ್ಯವೂ ಇದೆ.

ಟ್ವೀಡಿ ಮೊದಲ ಹಾಡನ್ನು ಒರೋರ್ಕ್ ಅವರ ಕೈಗೆ ಪರೀಕ್ಷೆಗೆಂಬಂತೆ ಕೊಟ್ಟರು. ಫಲ ಕೇಳಿದ ಮೇಲೆ ಇಡೀ ಆಲ್ಬಮಿನ ಮಿಕ್ಸಿಂಗ್ ಅವರಿಗೇ ಹೋಯಿತು. ಒರೋರ್ಕ್ ಮಾಡಿದ ಮುಖ್ಯ ಕೆಲಸ ಹೊಸದನ್ನು ಸೇರಿಸುವುದಾಗಿರಲಿಲ್ಲ. ಬೆನೆಟ್ ಮತ್ತು ತಂಡ ಹಾಕಿದ್ದ ಪದರಗಳನ್ನು ಒಂದೊಂದಾಗಿ ತೆಗೆದು, ಟ್ವೀಡಿಯ ಧ್ವನಿಗೂ ಕಾಚಿಯ ತಾಳಕ್ಕೂ ಜಾಗ ಮಾಡಿಕೊಟ್ಟದ್ದು. ‘ರೇಡಿಯೋ ಕ್ಯೂರ್’ ಹಾಡಿನಲ್ಲಿ ಆ ಖಾಲಿ ಜಾಗ ಎಷ್ಟಿದೆಯೆಂದರೆ, ಬಹಳ ಹೊತ್ತಿನ ಮೇಲೆ ರಾಗ ಅರಳಿದಾಗ ಕೇಳುಗನಿಗೆ ಉಸಿರು ಬಿಟ್ಟಂತಾಗುತ್ತದೆ. ‘ಜೀಸಸ್, ಎಟ್ಸೆಟ್ರಾ’ ಪಿಟೀಲಿನ ಎಳೆಯ ಮೇಲೆ ಸಲೀಸಾಗಿ ನಡೆಯುವ ಹಾಡು. ಅಲ್ಲಿ ತೆಗೆಯುವ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ‘ಹೆವಿ ಮೆಟಲ್ ಡ್ರಮ್ಮರ್’ ಹರೆಯದ ಬೇಸಿಗೆಯ ಸಂಜೆಗಳನ್ನು ನೆನೆಯುವ ಹಗುರಾದ ಹಾಡು. ಈ ಆಲ್ಬಮಿನಲ್ಲಿ ರೇಡಿಯೋಗೆ ಹೊಂದುವಂಥದ್ದೇ ಇಲ್ಲ ಎಂದವರು ಅದನ್ನು ಹೇಗೆ ಕೇಳಿಸಿಕೊಂಡರೋ ತಿಳಿಯದು.

ಬೆನೆಟ್ ಅವರ ಪಾಲಿನ ನ್ಯಾಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ತೆಗೆಯಬೇಕಾದರೆ ಮೊದಲು ಇರಬೇಕು. ಆಲ್ಬಮಿನ ಹೆಚ್ಚಿನ ಹಾಡುಗಳಿಗೆ ಟ್ವೀಡಿಯೊಡನೆ ಸಹರಚನೆಕಾರರೆಂದು ಬೆನೆಟ್ ಅವರ ಹೆಸರಿದೆ. ಒರೋರ್ಕ್ ಕತ್ತರಿಯಾಡಿಸಿದ ಬಟ್ಟೆಯ ದೊಡ್ಡ ಭಾಗವನ್ನು ನೇಯ್ದವರು ಅವರೇ. ಸಾಕ್ಷ್ಯಚಿತ್ರ ನೋಡಿದವರ ಮನಸ್ಸಿನಲ್ಲಿ ಬೆನೆಟ್ ಕಿರಿಕಿರಿ ಮಾಡುವ ಮನುಷ್ಯನಾಗಿ ಉಳಿದುಬಿಟ್ಟಿದ್ದಾರೆ, ಒರೋರ್ಕ್ ಬಿಡುಗಡೆ ತಂದವರಾಗಿ. ಸಂಗೀತವನ್ನು ಕೇಳಿದರೆ ಲೆಕ್ಕ ಅಷ್ಟು ಸರಳವಾಗಿಲ್ಲ. ಕೆಲಸ ಮುಗಿದ ಮೇಲೆ, 2001ರ ಆಗಸ್ಟಿನಲ್ಲಿ, ಬೆನೆಟ್ ಅವರನ್ನು ತಂಡದಿಂದ ಕಳುಹಿಸಲಾಯಿತು. ಆರಂಭದ ತಂಡದವರಲ್ಲಿ ಉಳಿದವರು ಟ್ವೀಡಿ ಮತ್ತು ಬಾಸ್ ಗಿಟಾರಿನ ಜಾನ್ ಸ್ಟಿರಟ್ ಇಬ್ಬರೇ. ಕಾಚಿ ಮತ್ತು ಬಹುವಾದ್ಯಗಾರ ಲೆರಾಯ್ ಬಾಕ್ ಸೇರಿ ವಿಲ್ಕೊ ನಾಲ್ವರ ತಂಡವಾಯಿತು.

ಆಲ್ಬಮಿನ ಹೆಸರು ಬಂದದ್ದು ಶಾರ್ಟ್‌ವೇವ್ ರೇಡಿಯೋದಿಂದ. ರಾತ್ರಿ ಹೊತ್ತು ಮುಳ್ಳು ತಿರುಗಿಸಿ ದೂರದ ನಿಲ್ದಾಣಗಳನ್ನು ಹುಡುಕಿದ ನಮ್ಮ ಹಿರಿಯರಿಗೆ ಆ ಗೊರಗೊರ, ಸಿಳ್ಳು, ನಡುವೆ ಎಲ್ಲಿಯದೋ ಭಾಷೆಯ ಧ್ವನಿ ಪರಿಚಿತವೇ. ಅಂಥ ತರಂಗಗಳಲ್ಲಿ ಗೂಢಚಾರರಿಗಾಗಿ ಅಂಕಿ ಅಕ್ಷರಗಳನ್ನು ಓದುತ್ತಿದ್ದರೆಂದು ನಂಬಲಾದ ನಿಲ್ದಾಣಗಳ ಮುದ್ರಣಗಳನ್ನು ಇರ್ಡಿಯಲ್ ಎಂಬ ಬ್ರಿಟಿಷ್ ಸಂಸ್ಥೆ 1997ರಲ್ಲಿ ‘ದ ಕಾನೆಟ್ ಪ್ರಾಜೆಕ್ಟ್’ ಎಂಬ ಸಂಗ್ರಹವಾಗಿ ಹೊರತಂದಿತ್ತು. ಅದರಲ್ಲಿನ ಒಬ್ಬ ಹೆಂಗಸು ಭಾವವಿಲ್ಲದ ಧ್ವನಿಯಲ್ಲಿ ಮತ್ತೆಮತ್ತೆ ಓದುವ, ವೈ, ಎಚ್, ಎಫ್ ಅಕ್ಷರಗಳನ್ನು ಸೂಚಿಸುವ ಮೂರು ಸಂಕೇತಪದಗಳೇ ಆಲ್ಬಮಿನ ಶೀರ್ಷಿಕೆ. ‘ಪೂರ್ ಪ್ಲೇಸಸ್’ ಹಾಡಿನ ಕೊನೆಯಲ್ಲಿ ಗದ್ದಲ ಏರುತ್ತಾ ಹೋಗಿ ಎಲ್ಲವನ್ನೂ ನುಂಗುವಾಗ ಆ ಧ್ವನಿ ಕೇಳಿಸುತ್ತದೆ. ಪರಸ್ಪರ ತಲುಪಲಾಗದ ಇಬ್ಬರ ನಡುವಿನ ಮಾತು ಇಡೀ ಆಲ್ಬಮಿನ ವಸ್ತುವಾಗಿರುವುದರಿಂದ, ಆ ತುಣುಕು ಅಲಂಕಾರಕ್ಕೆಂದು ಅಂಟಿಸಿದಂತೆ ತೋರುವುದಿಲ್ಲ. ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ಇರ್ಡಿಯಲ್ ಹೂಡಿದ ಮೊಕದ್ದಮೆ ಮುಂದೆ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು.

ಕಂಪನಿಯ ಲೆಕ್ಕ

ರಿಪ್ರೀಜ್ ಕಂಪನಿಯನ್ನು 1960ರಲ್ಲಿ ಸ್ಥಾಪಿಸಿದವರು ಗಾಯಕ ಫ್ರಾಂಕ್ ಸಿನಾಟ್ರ, ತಮ್ಮ ಸಂಗೀತದ ಮೇಲೆ ತಮಗೇ ಹಿಡಿತ ಇರಬೇಕೆಂಬ ಹಟದಿಂದ. ವಾರ್ನರ್ ಕೈಸೇರಿದ ಮೇಲೂ ಕಲಾವಿದರಿಗೆ ಸಮಯ ಕೊಡುವ ಕಂಪನಿ ಎಂಬ ಹೆಸರು ಅದಕ್ಕೆ ದೀರ್ಘಕಾಲ ಉಳಿದಿತ್ತು. 2000ದ ಜನವರಿಯಲ್ಲಿ ಪ್ರಕಟವಾಗಿ ಒಂದು ವರ್ಷದ ನಂತರ ಪೂರ್ಣಗೊಂಡ, ಅಂತರ್ಜಾಲ ಕಂಪನಿ ಎಒಎಲ್ ಮತ್ತು ಮಾಧ್ಯಮ ಸಮೂಹ ಟೈಮ್ ವಾರ್ನರ್‌ಗಳ ವಿಲೀನ ಆ ವಾತಾವರಣವನ್ನು ಬದಲಿಸಿತು. ಖರ್ಚು ತಗ್ಗಿಸುವ ಒತ್ತಡ, ನೌಕರರ ಕಡಿತ, ಮೂರು ತಿಂಗಳಿಗೊಮ್ಮೆ ಫಲ ತೋರಿಸುವ ಅಗತ್ಯ ಎಲ್ಲವೂ ಒಟ್ಟಿಗೆ ಬಂದವು. ರಿಪ್ರೀಜ್ ಅಧ್ಯಕ್ಷರಾಗಿದ್ದ, ವಿಲ್ಕೊವನ್ನು ಕಂಪನಿಯ ಹೆಮ್ಮೆಯೆಂದು ನಂಬಿದ್ದ ಹೋವಿ ಕ್ಲೈನ್ 2001ರ ನಡುವಿನಲ್ಲಿ ಹುದ್ದೆ ಬಿಟ್ಟರು. ಕಲಾವಿದರ ಆಯ್ಕೆಯ ವಿಭಾಗ ಡೇವಿಡ್ ಕಾನ್ ಅವರ ಕೈಯಲ್ಲಿತ್ತು. ತಿದ್ದುಪಡಿಗಳ ಸೂಚನೆ ಬಂತು. ತಂಡ ಬದಲಿಸಲು ಒಪ್ಪಲಿಲ್ಲ. ಜೂನ್ ಹೊತ್ತಿಗೆ ಕಂಪನಿ ಬೇಡವೆಂದಿತು.

ಈ ನಿರ್ಧಾರವನ್ನು ಮೂರ್ಖತನವೆಂದು ನಗುವುದು ಸುಲಭ. ಕಂಪನಿಯ ಕುರ್ಚಿಯಲ್ಲಿ ಕುಳಿತು ನೋಡಿದರೆ ಅದರಲ್ಲಿ ಒಂದು ತರ್ಕವಿತ್ತು ಎಂದು ಒಪ್ಪಬೇಕಾಗುತ್ತದೆ. ತಂಡದ ಹಿಂದಿನ ಆಲ್ಬಂ ಹೊಗಳಿಕೆ ಗಳಿಸಿತ್ತೇ ಹೊರತು ಹೇಳಿಕೊಳ್ಳುವಂಥ ಲಾಭ ತಂದಿರಲಿಲ್ಲ. ಆಲ್ಬಂ ಮಾಡಿಸುವ ಖರ್ಚು ಮೊದಲ ಕಂತು ಮಾತ್ರ. ಪ್ರಚಾರ, ರೇಡಿಯೋ, ವಿತರಣೆಗಳ ಖರ್ಚು ಅದರ ಹಲವು ಪಟ್ಟು. ರೇಡಿಯೋ ಹಾಡು ಕಾಣದ ಆಲ್ಬಮಿಗೆ ಅಷ್ಟು ಸುರಿಯುವುದಕ್ಕಿಂತ ಈಗಾಗಲೇ ಕೊಟ್ಟದ್ದನ್ನು ಮರೆಯುವುದು ಮೇಲೆಂದು ಲೆಕ್ಕ ಹಾಕಿದ್ದರೆ ಅದು ವ್ಯಾಪಾರದ ಮಾತೇ. ತಪ್ಪಾದದ್ದು ಬೇರೆ ಕಡೆ. ಮೂರು ಆಲ್ಬಂಗಳುದ್ದಕ್ಕೂ ನಿಧಾನವಾಗಿ ಬೆಳೆದ, ಪ್ರವಾಸ ಕಛೇರಿಗಳಿಗೆ ತಪ್ಪದೆ ಬರುವ ಕೇಳುಗರ ಬಳಗ ಈ ತಂಡಕ್ಕಿತ್ತು. ಅದು ರೇಡಿಯೋ ಲೆಕ್ಕಪಟ್ಟಿಯಲ್ಲಿ ಕಾಣುವಂಥದ್ದಲ್ಲ, ವರ್ಷಗಳಿಂದ ತಂಡವನ್ನು ಬಲ್ಲವರ ನೆನಪಿನಲ್ಲಿ ಇರುವಂಥದ್ದು. ಆ ನೆನಪುಳ್ಳವರು ಕಂಪನಿಯಿಂದ ಹೊರಟುಹೋಗಿದ್ದರು. ಕಂಪನಿ ಆಲ್ಬಮನ್ನು ತಿರಸ್ಕರಿಸಿತು ಎನ್ನುವುದಕ್ಕಿಂತ, ಆಲ್ಬಮನ್ನು ಅಳೆಯಬಲ್ಲವರನ್ನು ಮೊದಲೇ ಕಳೆದುಕೊಂಡಿತ್ತು ಎನ್ನುವುದು ಸರಿ.

ತಂಡದ ವ್ಯವಸ್ಥಾಪಕ ಟೋನಿ ಮಾರ್ಗರೀಟಾ ಮಾತುಕತೆಗೆ ಕುಳಿತರು. ಮೂಲ ಧ್ವನಿಮುದ್ರಣದ ಹಕ್ಕನ್ನು 50,000 ಡಾಲರಿಗೆ ಬಿಟ್ಟುಕೊಡುವ ಮಾತು ಮೊದಲು ಬಂದಿತ್ತು. ಅಷ್ಟರಲ್ಲಿ ಸುದ್ದಿ ಪತ್ರಿಕೆಗಳಿಗೆ ಹೋಗಿ, ಕಂಪನಿಯ ಹೆಸರು ಕೆಡತೊಡಗಿತ್ತು. ಕೊನೆಗೆ ಏನೂ ಪಡೆಯದೆ ಆಲ್ಬಮನ್ನು ತಂಡಕ್ಕೆ ಬಿಟ್ಟುಕೊಡಲಾಯಿತು. ಇಡೀ ಪ್ರಕರಣದಲ್ಲಿ ನಿಜವಾಗಿ ಅಸಾಧಾರಣವಾದದ್ದು ಇದೇ. ದೊಡ್ಡ ಕಂಪನಿಗಳು ಬೇಡವಾದ ಆಲ್ಬಂಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಆ ಉದ್ಯಮದ ವಾಡಿಕೆ. ಹಾಗೆ ಬೀಗ ಬಿದ್ದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಅಂಗಡಿಗಿಂತ ಮೊದಲು ಕಿವಿಗೆ

ರಿಪ್ರೀಜ್ ನಿಗದಿ ಮಾಡಿದ್ದ ಮೂಲ ಬಿಡುಗಡೆಯ ದಿನ 2001ರ ಸೆಪ್ಟೆಂಬರ್ 11. ಆ ದಿನ ನ್ಯೂಯಾರ್ಕಿನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಆಲ್ಬಮಿನ ಮುಖಪುಟದಲ್ಲಿರುವುದು ಶಿಕಾಗೊದ ಮರೀನಾ ಸಿಟಿಯ ಜೋಡಿ ಗೋಪುರಗಳ ಚಿತ್ರ, ‘ಜೀಸಸ್, ಎಟ್ಸೆಟ್ರಾ’ದಲ್ಲಿ ಎತ್ತರದ ಕಟ್ಟಡಗಳು ಅದುರುವ ಮಾತು ಬರುತ್ತದೆ, ‘ವಾರ್ ಆನ್ ವಾರ್’, ‘ಆಶಸ್ ಆಫ್ ಅಮೆರಿಕನ್ ಫ್ಲ್ಯಾಗ್ಸ್’ ಎಂಬ ಹಾಡುಗಳೂ ಇವೆ. ಎಲ್ಲವೂ ಆ ದಿನಕ್ಕೆ ತಿಂಗಳುಗಳ ಮೊದಲೇ ಮುಗಿದಿದ್ದವು. ಇದನ್ನು ಭವಿಷ್ಯವಾಣಿಯೆಂದು ಹೇಳಿದವರು ಅನೇಕರಿದ್ದಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ಧ್ವಜದ ಬೂದಿಯ ಹಾಡು ಒಬ್ಬಂಟಿ ಮನುಷ್ಯ ಎಟಿಎಂ ಮುಂದೆ ನಿಂತು ತನ್ನ ಖಾಲಿತನವನ್ನು ಲೆಕ್ಕ ಹಾಕುವ ಹಾಡು. ಯುದ್ಧದ ಹಾಡು ಒಂದು ಸಂಬಂಧದ ಸೋಲುಗೆಲುವಿನ ಬಗ್ಗೆ. ಆದರೆ ದಿಗ್ಭ್ರಮೆಗೊಂಡಿದ್ದ ಒಂದು ಸಮಾಜ ಆ ತಿಂಗಳುಗಳಲ್ಲಿ ಅವನ್ನು ಹೀಗೆ ಕೇಳಿಸಿಕೊಂಡಿತು ಎಂಬುದು ನಿಜ, ಮತ್ತು ಕೃತಿಯ ಸ್ವೀಕಾರದ ಚರಿತ್ರೆಯಲ್ಲಿ ಅದನ್ನು ಬಿಟ್ಟುಬಿಡುವಂತಿಲ್ಲ.

ಆ ಹೊತ್ತಿಗಾಗಲೇ ಹಾಡುಗಳ ಕಳಪೆ ಎಂಪಿ3 ಪ್ರತಿಗಳು ಕೈಯಿಂದ ಕೈಗೆ ಹರಿದಾಡುತ್ತಿದ್ದವು. ನ್ಯಾಪ್‌ಸ್ಟರ್ ಎಂಬ, ಹಾಡುಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುವ ಅಂತರ್ಜಾಲ ಸೇವೆ ಆ ಬೇಸಿಗೆಯಲ್ಲೇ ಮುಚ್ಚಿತ್ತು. ಹಾಡು ಸೋರಿದರೆ ಮಾರಾಟ ಸತ್ತಂತೆ ಎಂಬುದು ಉದ್ಯಮದ ಒಮ್ಮತದ ನಂಬಿಕೆಯಾಗಿತ್ತು. ವಿಲ್ಕೊ ಉಲ್ಟಾ ನಡೆಯಿತು: ಹೇಗೂ ಕೇಳುವವರು ಸರಿಯಾದ ಕ್ರಮದಲ್ಲಿ, ಸರಿಯಾದ ಗುಣಮಟ್ಟದಲ್ಲಿ ಕೇಳಲಿ ಎಂದು ಸೆಪ್ಟೆಂಬರ್ 18ರಂದು ಇಡೀ ಆಲ್ಬಮನ್ನು ತನ್ನ ಜಾಲತಾಣದಲ್ಲಿ ಹರಿಯಬಿಟ್ಟಿತು. ಇದನ್ನು ಮುಂದಿನ ಯುಗದ ಮುನ್ಸೂಚನೆಯೆಂದು ದೊಡ್ಡದಾಗಿ ಹೇಳುವ ಅಗತ್ಯವಿಲ್ಲ. ಬೇರೆ ದಾರಿ ಇಲ್ಲದವರು ಹಿಡಿದ ದಾರಿ ಅದು. ಫಲ ಮಾತ್ರ ಕಣ್ಣೆದುರೇ ಕಂಡಿತು. ಶರತ್ಕಾಲದ ಪ್ರವಾಸದಲ್ಲಿ, ಅಂಗಡಿಗೆ ಇನ್ನೂ ಬಾರದ ಹಾಡುಗಳನ್ನು ಸಭಿಕರು ತಂಡದೊಡನೆ ಪೂರ್ತಿಯಾಗಿ ಹಾಡತೊಡಗಿದರು.

ಹಲವು ಕಂಪನಿಗಳು ಮುಂದೆ ಬಂದವು. ತಂಡ ನವೆಂಬರಿನಲ್ಲಿ ಆರಿಸಿಕೊಂಡದ್ದು ನಾನ್‌ಸಚ್ ಕಂಪನಿಯನ್ನು. ರಾಕ್ ತಂಡವೊಂದಕ್ಕೆ ಇದು ವಿಚಿತ್ರ ಮನೆ. 1964ರಲ್ಲಿ ಕಡಿಮೆ ಬೆಲೆಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕಾಗಿ ಹುಟ್ಟಿದ ಈ ಕಂಪನಿ ರಾಬರ್ಟ್ ಹರ್ವಿಟ್ಜ್ ಅವರ ಮುಂದಾಳತ್ವದಲ್ಲಿ ಸಂಯೋಜಕ ಸ್ಟೀವ್ ರೈಶ್, ತಂತಿವಾದ್ಯಗಳ ತಂಡ ಕ್ರೋನೋಸ್ ಕ್ವಾರ್ಟೆಟ್ ಮುಂತಾದವರ ನೆಲೆಯಾಗಿತ್ತು. ಕರ್ನಾಟಕ ಸಂಗೀತದ ರಸಿಕರಿಗೆ ಇದರ ಹೆಸರು ಬೇರೆ ಕಾರಣಕ್ಕೆ ಗೊತ್ತಿರಬಹುದು: ಅದರ ಎಕ್ಸ್‌ಪ್ಲೋರರ್ ಮಾಲಿಕೆಯಲ್ಲಿ ರಾಮನಾಡ್ ಕೃಷ್ಣನ್, ಕೆ.ವಿ. ನಾರಾಯಣಸ್ವಾಮಿ ಅವರ ಗಾಯನದ ಎಲ್‌ಪಿಗಳು ಹೊರಬಂದಿದ್ದವು. ಅಲ್ಪಸ್ವಲ್ಪ ಮಾರಾಟವಾಗುವ ಸಂಗೀತವನ್ನು ವರ್ಷಗಟ್ಟಲೆ ತಾಳ್ಮೆಯಿಂದ ಮಾರುವುದನ್ನು ಕಲಿತಿದ್ದ ಕಂಪನಿಗೆ ಐವತ್ತು ಸಾವಿರ ಪ್ರತಿ ಎಂದರೆ ದೊಡ್ಡ ಸಂಖ್ಯೆ. ರಿಪ್ರೀಜ್‌ಗೆ ಸೋಲಿನಂತೆ ಕಂಡದ್ದು ನಾನ್‌ಸಚ್‌ಗೆ ಗೆಲುವಿನಂತೆ ಕಾಣಬಹುದಿತ್ತು.

ಸ್ವೀಕಾರ

ಬಿಡುಗಡೆಯಾದ ಮೊದಲ ವಾರವೇ ಆಲ್ಬಂ 55,000ಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಅಮೆರಿಕದ ಆಲ್ಬಂ ಮಾರಾಟವನ್ನು ಅಳೆಯುವ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 13ನೆಯ ಸ್ಥಾನಕ್ಕೆ ಬಂತು. ತಂಡ ಅಷ್ಟು ಮೇಲಕ್ಕೆ ಹಿಂದೆಂದೂ ಹೋಗಿರಲಿಲ್ಲ. ಕಾಲಕ್ರಮದಲ್ಲಿ ಮಾರಾಟ ಐದು ಲಕ್ಷ ದಾಟಿ ಗೋಲ್ಡ್ ಪ್ರಮಾಣಪತ್ರ ಸಿಕ್ಕಿತು. ಏಳು ತಿಂಗಳ ಕಾಲ ಉಚಿತವಾಗಿ ಕೇಳಿದವರು ಕೊಳ್ಳುವುದಿಲ್ಲ ಎಂಬ ಭಯ ನಿಜವಾಗಲಿಲ್ಲ. ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ಜಾಲತಾಣ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು; ಅಮೆರಿಕದ ನೂರಾರು ವಿಮರ್ಶಕರ ಮತಗಳಿಂದ ವಿಲೇಜ್ ವಾಯ್ಸ್ ಪತ್ರಿಕೆ ನಡೆಸುತ್ತಿದ್ದ ವಾರ್ಷಿಕ ಸಮೀಕ್ಷೆಯಲ್ಲಿ ಆಲ್ಬಂ 2002ರ ಮೊದಲ ಸ್ಥಾನ ಪಡೆಯಿತು. ಅದೇ ವರ್ಷ ಜೋನ್ಸ್ ಅವರ ಸಾಕ್ಷ್ಯಚಿತ್ರ ತೆರೆಕಂಡು, ಆಲ್ಬಮಿನ ಹಿಂದಿನ ಕಥೆಯನ್ನು ಆಲ್ಬಮಿನಷ್ಟೇ ಪ್ರಸಿದ್ಧಗೊಳಿಸಿತು.

ಹೊಗಳಿಕೆಯ ನಡುವೆ ಒಂದು ಭಿನ್ನಸ್ವರವೂ ಇತ್ತು, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಗದ್ದಲದ ಮುಸುಕು ತೆಗೆದರೆ ಒಳಗಿರುವುದು ಸಾಂಪ್ರದಾಯಿಕ ಜಾನಪದ ರಾಕ್ ಹಾಡುಗಳೇ, ಇದರಲ್ಲಿ ಕ್ರಾಂತಿಯೇನೂ ಇಲ್ಲ ಎಂಬುದು ಆ ವಾದ. ವಾದದ ಮೊದಲರ್ಧ ಸರಿ. ಟ್ವೀಡಿ ಗಿಟಾರ್ ಹಿಡಿದು ಒಬ್ಬರೇ ಈ ಹಾಡುಗಳನ್ನು ಹಾಡಿದಾಗ ಅವು ಏನನ್ನೂ ಕಳೆದುಕೊಳ್ಳದೆ ನಿಲ್ಲುತ್ತವೆ. ಆದರೆ ಗದ್ದಲ ಇಲ್ಲಿ ಮೇಲೆ ಹೊದಿಸಿದ ಮುಸುಕಲ್ಲ. ‘ರಿಸರ್ವೇಶನ್ಸ್’ ಎಂಬ ಕೊನೆಯ ಹಾಡಿನಲ್ಲಿ ಮಾತು ಮುಗಿದ ಮೇಲೂ ಮೂರು ನಿಮಿಷಕ್ಕೂ ಹೆಚ್ಚು ಕಾಲ ಅಸ್ಪಷ್ಟ ನಾದ ಉಳಿಯುತ್ತದೆ. ಸಂಶಯಗಳ ನಡುವೆಯೂ ಒಬ್ಬರನ್ನು ನಂಬುತ್ತೇನೆಂದು ಹೇಳುವ ಹಾಡದು. ಹೇಳಿದ್ದು ಎದುರಿನವರಿಗೆ ಕೇಳಿಸಿತೋ ಇಲ್ಲವೋ ಎಂಬುದನ್ನು ಆ ನಾದ ತೀರ್ಮಾನಿಸದೆ ಬಿಡುತ್ತದೆ. ಅದನ್ನು ಕತ್ತರಿಸಿದರೆ ಹಾಡು ಒಳ್ಳೆಯ ಹಾಡಾಗಿಯೇ ಉಳಿಯುತ್ತಿತ್ತು, ಅದರ ಅರ್ಥ ಮಾತ್ರ ಕಿರಿದಾಗುತ್ತಿತ್ತು. ನನಗೆ ಅತಿಯೆನ್ನಿಸಿದ್ದು ಆ ಹತ್ತಕ್ಕೆ ಹತ್ತು ಅಂಕವಲ್ಲ, ತಿರಸ್ಕಾರದ ಕಥೆಯೇ ಅಂಕಗಳ ಒಂದು ಭಾಗವಾಗಿಬಿಟ್ಟದ್ದು. ಸುಲಭವಾಗಿ ಬಿಡುಗಡೆಯಾಗಿದ್ದರೆ ಇದೇ ಹಾಡುಗಳಿಗೆ ಇಷ್ಟು ಗಮನ ಸಿಗುತ್ತಿತ್ತೇ ಎಂಬುದು ಅನುಮಾನ.

ತಂಡ ನಾನ್‌ಸಚ್‌ನಲ್ಲೇ ಮುಂದುವರಿದು, 2004ರ ‘ಎ ಘೋಸ್ಟ್ ಈಸ್ ಬಾರ್ನ್’ಗೆ ಆಲ್ಟರ್ನೇಟಿವ್ ವಿಭಾಗದ ಗ್ರ್ಯಾಮಿ ಪಡೆಯಿತು. ಆ ಆಲ್ಬಂ ಹೊರಬರುವ ಹೊತ್ತಿನಲ್ಲಿ ಟ್ವೀಡಿ ನೋವುನಿವಾರಕ ಮಾತ್ರೆಗಳ ಚಟದಿಂದ ಹೊರಬರಲು ಚಿಕಿತ್ಸೆಗೆ ದಾಖಲಾಗಿದ್ದರು. ಬೆನೆಟ್ ಸಣ್ಣ ಕಂಪನಿಗಳ ಮೂಲಕ ತಮ್ಮ ಆಲ್ಬಂಗಳನ್ನು ಹೊರತರುತ್ತಾ ಹೋದರು. 2009ರ ಮೇ ತಿಂಗಳಲ್ಲಿ, ತಮಗೆ ಬರಬೇಕಾದ ಗೌರವಧನ ಮತ್ತು ಸಾಕ್ಷ್ಯಚಿತ್ರದ ಪಾಲಿನ ವಿಷಯವಾಗಿ ಅವರು ಟ್ವೀಡಿ ಮೇಲೆ ಮೊಕದ್ದಮೆ ಹೂಡಿದ ಸುದ್ದಿ ಬಂತು. ಅದೇ ತಿಂಗಳು, 45ನೆಯ ವಯಸ್ಸಿನಲ್ಲಿ, ನೋವುನಿವಾರಕ ಔಷಧಿ ಅತಿಯಾಗಿ ಅವರು ತೀರಿಕೊಂಡರು.

2022ರಲ್ಲಿ ನಾನ್‌ಸಚ್ ಈ ಆಲ್ಬಮಿನ ಇಪ್ಪತ್ತು ವರ್ಷಗಳ ನೆಪದಲ್ಲಿ ಒಂದು ದೊಡ್ಡ ಪೆಟ್ಟಿಗೆಯನ್ನು ಹೊರತಂದಿತು. ಲಾಫ್ಟಿನಲ್ಲಿ ಮುದ್ರಿಸಿ ಬದಿಗಿಟ್ಟ ಕರಡುಗಳು, ಒಂದೇ ಹಾಡಿನ ಹಲವು ರೂಪಗಳು ಅದರಲ್ಲಿವೆ. ಕೆಲವು ಕರಡುಗಳನ್ನು ಕೇಳಿದಾಗ ತೆಗೆದದ್ದೇ ಒಳ್ಳೆಯದಾಯಿತು ಎನ್ನಿಸುತ್ತದೆ. ಕೆಲವು ಅಂತಿಮ ರೂಪಕ್ಕೆ ಸರಿಸಮನಾಗಿ ನಿಲ್ಲುತ್ತವೆ, ಬೇರೊಂದು ಆಲ್ಬಂ ಕೂಡ ಇಲ್ಲಿ ಸಾಧ್ಯವಿತ್ತು ಎಂಬಂತೆ. ಬೆನೆಟ್ ಏನನ್ನು ಕೇಳಿಸಿಕೊಳ್ಳುತ್ತಿದ್ದರು, ಯಾವುದಕ್ಕಾಗಿ ಅಷ್ಟು ವಾದಿಸುತ್ತಿದ್ದರು ಎಂಬುದು ಸಾಕ್ಷ್ಯಚಿತ್ರಕ್ಕಿಂತ ಈ ಪೆಟ್ಟಿಗೆಯಿಂದ ಹೆಚ್ಚು ಸ್ಪಷ್ಟವಾಗುತ್ತದೆ. 2023ರಲ್ಲಿ ಅದಕ್ಕೆ ಅತ್ಯುತ್ತಮ ಐತಿಹಾಸಿಕ ಆಲ್ಬಂ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.